ಆರನೇ ದಿನದ ಪುಸ್ತಕ

ಮೆಕ್ಬಿಬ್ ಬಗ್ಗೆ ಒಳ್ಳೆಯ ಮಾತು ಕೇಳಲು ಬಂದಿದ್ದರೆ ಬೇರೆ ಅಂಗಡಿ ನೋಡಿಕೊಳ್ಳಿ. ಅದ್ದಿಸ್ ಅಬಾಬಾದ ಈ ಪಿಯಾಸಾ ಪೇಟೆಯಲ್ಲಿ ಕಾಫಿ ಅಂಗಡಿಗೇನು ಬರವೇ? ನನ್ನ ಹೆಸರು ಜೆಮಾನೆಶ್. ಈ ಓಣಿಯಲ್ಲಿ ಇಪ್ಪತ್ತು ವರ್ಷದಿಂದ ಕಾಫಿ ಕುದಿಸುತ್ತಿದ್ದೇನೆ. ಅದರಲ್ಲಿ ಹನ್ನೊಂದು ವರ್ಷ ಆ ಮನುಷ್ಯ ಕಿಟಕಿ ಪಕ್ಕದ ಮೇಜು ಹಿಡಿದು ಕೂತಿದ್ದ. ಎದುರಿಗೆ ‘ನೀವು’ ಅನ್ನುತ್ತಿದ್ದೆ, ಹಿಂದಿನಿಂದ ‘ಅವನು’ ಅನ್ನುತ್ತಿದ್ದೆ. ಈಗ ಎದುರಿಗಿಲ್ಲವಲ್ಲ, ಅವನು ಅಂತಲೇ ಹೇಳುತ್ತೇನೆ.

ನಮ್ಮಲ್ಲಿ ಕಾಫಿ ಮೂರು ಸುತ್ತು. ಮೊದಲನೆಯದು ಗಟ್ಟಿ, ಎರಡನೆಯದು ಹದ, ಮೂರನೆಯದು ಅದೇ ಪುಡಿಗೆ ಇನ್ನೊಮ್ಮೆ ನೀರು ಹೊಯ್ದು ಕುದಿಸಿದ ಕಂದು ನೀರು. ಬಂದವರಿಗೆ ಮೊದಲ ಸುತ್ತು ಕೊಡುವುದು ಮರ್ಯಾದೆ. ಹನ್ನೊಂದು ವರ್ಷ ನಾನು ಅವನಿಗೆ ಮೂರನೇ ಸುತ್ತು ಬಿಟ್ಟು ಬೇರೇನೂ ಕೊಡಲಿಲ್ಲ. ಬಾಗಿಲು ತೆರೆಯುವಾಗಲೇ ಬಂದು ಕೂತರೂ ಉಳಿದವರಿಗೆಲ್ಲ ಎರಡು ಸುತ್ತು ಮುಗಿಯಲಿ ಅಂತ ಕಾಯಿಸುತ್ತಿದ್ದೆ. ಒಂದು ದಿನವಾದರೂ ‘ಯಾಕೆ ಹೀಗೆ’ ಅಂತ ಕೇಳಬೇಕೋ ಬೇಡವೋ? ಕೇಳಲಿಲ್ಲ. ಕುಡಿದು, ಬಟ್ಟಲು ಮಗುಚಿಟ್ಟು, ಓದಲು ಶುರುಮಾಡುತ್ತಿದ್ದ. ಅದನ್ನು ಕಂಡರೆ ನನಗೆ ಇನ್ನಷ್ಟು ಮೈ ಉರಿಯುತ್ತಿತ್ತು.

ಹಾಗಾದರೆ ಯಾಕೆ ಓಡಿಸಲಿಲ್ಲ ಅಂತೀರಾ? ಅವನ ಪಟ್ಟಿ ನನಗೆ ಬೇಕಿತ್ತು.

ಪ್ರತಿ ತಿಂಗಳ ಮೊದಲ ದಿನ ಅವನು ನನ್ನ ಬಾಗಿಲ ಗಾಜಿಗೆ ಒಂದು ಹಾಳೆ ಅಂಟಿಸುತ್ತಿದ್ದ. ಈ ತಿಂಗಳು ಓದಬೇಕಾದ ಹೊಸ ಪುಸ್ತಕಗಳು. ಕಾದಂಬರಿ ಒಂದು, ಕವನ ಒಂದು, ಚರಿತ್ರೆ ಒಂದು, ಆತ್ಮಕಥೆ ಒಂದು, ದೇವರ ವಿಷಯದ್ದು ಒಂದು, ಅಡುಗೆಯದೋ ಔಷಧಿಯದೋ ಒಂದು, ಮಕ್ಕಳದ್ದು ಒಂದು. ಪ್ರತಿ ಪುಸ್ತಕದ ಕೆಳಗೆ ಒಂದೇ ಸಾಲು. ಆ ಸಾಲಿಗಾಗಿ ಜನ ಮಳೆಯಲ್ಲಿ ನಿಂತು ಓದುತ್ತಿದ್ದರು. ಒಬ್ಬ ನಿವೃತ್ತ ಕರ್ನಲ್ಲನ ಆತ್ಮಕಥೆಗೆ ಬರೆದಿದ್ದ: ‘ನಾನೂರು ಪುಟದಲ್ಲಿ ಲೇಖಕರು ಯಾರನ್ನೂ ಕೊಂದಿಲ್ಲ, ಸತ್ತವರು ತಾವಾಗಿಯೇ ಸತ್ತಿದ್ದಾರೆ. ಸುಳ್ಳು ಹೇಳಲು ಕಲಿಯುವವರು ಓದಲೇಬೇಕು.’ ಒಂದು ಪ್ರೇಮ ಕಾದಂಬರಿಗೆ: ‘ನಲವತ್ತನೇ ಪುಟದಿಂದ ಶುರುಮಾಡಿ. ಅದಕ್ಕೂ ಹಿಂದೆ ಇರುವುದು ಬರೀ ಹವಾಮಾನ.’ ಒಂದು ಅಡುಗೆ ಪುಸ್ತಕಕ್ಕೆ: ‘ಬರೆದವರಿಗೆ ಹಸಿವು ಗೊತ್ತು. ಉಪವಾಸದ ದಿನ ಮುಟ್ಟಬೇಡಿ.’ ಮಕ್ಕಳ ಕಥೆಗೆ: ‘ಇದರಲ್ಲಿ ಕತ್ತೆಕಿರುಬ ಕೊನೆಗೂ ಒಳ್ಳೆಯದಾಗುವುದಿಲ್ಲ. ಧೈರ್ಯವಾಗಿ ಕೊಡಿಸಿ.’

ನಾಲಿಗೆ ಕೆಟ್ಟದ್ದು, ಒಪ್ಪುತ್ತೇನೆ. ಆದರೆ ಆ ಹಾಳೆಯಲ್ಲಿ ಒಂದು ಸುಳ್ಳು ಕಂಡವರಿಲ್ಲ. ಮಂತ್ರಿಯ ತಮ್ಮನ ಪುಸ್ತಕ ಬಂದಾಗ ಕಾರಿನಲ್ಲಿ ಜೇನುತುಪ್ಪದ ಡಬ್ಬಿ ಬಂತು. ಡಬ್ಬಿ ವಾಪಸ್ ಹೋಯಿತು, ಪುಸ್ತಕದ ಹೆಸರು ಹಾಳೆಗೆ ಬರಲಿಲ್ಲ. ತೊಲೊಸಾ ಅನ್ನುವವನು ನಮ್ಮ ಓಣಿಯ ಪುಸ್ತಕದವನು. ಎಡಗೈ ಮೇಲೆ ಸೊಂಟದಿಂದ ಗಲ್ಲದವರೆಗೆ ಪುಸ್ತಕ ಪೇರಿಸಿಕೊಂಡು ಹೋಟೆಲಿಂದ ಹೋಟೆಲಿಗೆ ನಡೆದು ಮಾರುವವನು. ಮೂರು ಮಕ್ಕಳ ತಂದೆ. ಅವನಂಥ ಮೂವತ್ತು ಜನ ತಿಂಗಳ ಮೊದಲ ಬೆಳಿಗ್ಗೆ ನನ್ನ ಅಂಗಡಿ ಮುಂದೆ ನಿಂತು, ಹಾಳೆ ನೋಡಿ, ಅದೇ ಕ್ರಮದಲ್ಲಿ ಪುಸ್ತಕ ಜೋಡಿಸಿಕೊಂಡು ಹೊರಡುತ್ತಿದ್ದರು. ಮೂವತ್ತು ಜನ ಅಂದರೆ ಮೂವತ್ತು ಬಟ್ಟಲು ಕಾಫಿ. ವ್ಯಾಪಾರಕ್ಕೆ ಬೇಕು, ಕಣ್ಣಿಗೆ ಬೇಡ, ಅಂಥ ಮನುಷ್ಯ.

ನಮ್ಮ ವರ್ಷಕ್ಕೆ ಹದಿಮೂರು ತಿಂಗಳು. ಹನ್ನೆರಡಕ್ಕೆ ಮೂವತ್ತು ಮೂವತ್ತು ದಿನ ಹಂಚಿ, ಉಳಿದ ಐದು ದಿನಕ್ಕೆ ಪಗುಮೆ ಅಂತ ಹೆಸರು. ಪಗುಮೆ ಮುಗಿದರೆ ಹೊಸ ವರ್ಷ. ಐದು ದಿನದ ಆ ತಿಂಗಳಿಗೂ ಇವನ ಪಟ್ಟಿ ಇರುತ್ತಿತ್ತು! ದಿನಕ್ಕೊಂದರಂತೆ ಐದು ತೆಳ್ಳನೆಯ ಪುಸ್ತಕ. ಹೊಸ ವರ್ಷಕ್ಕೆ ಉಡುಗೊರೆ ಕೊಡುವವರೆಲ್ಲ ಆ ಪಟ್ಟಿ ಹಿಡಿದೇ ಕೊಳ್ಳುತ್ತಿದ್ದರು. ನಾಲ್ಕು ವರ್ಷಕ್ಕೊಮ್ಮೆ ಪಗುಮೆಗೆ ಆರು ದಿನ ಬರುತ್ತದೆ. ಆ ವರ್ಷ ಆರನೇ ಪುಸ್ತಕವೊಂದು ಸೇರುತ್ತಿತ್ತು.

ಇನ್ನು ನನ್ನ ದ್ವೇಷದ ಮೂಲ ಕೇಳಿ. ನನ್ನ ಗಂಡ ಲೆಗೆಸ್ಸೆ ಶಾಲೆಯಲ್ಲಿ ಭಾಷೆ ಕಲಿಸುವ ಮೇಷ್ಟ್ರು. ಪದ್ಯ ಬರೆಯುತ್ತಿದ್ದ. ಸೈನಿಕರ ಸರ್ಕಾರ ಇದ್ದ ಕಾಲದಲ್ಲಿ ಯಾರೇ ಏನೇ ಅಚ್ಚು ಹಾಕಿಸಬೇಕಾದರೂ ಮೊದಲು ಒಂದು ಕಚೇರಿಗೆ ಕೊಡಬೇಕಿತ್ತು. ಅಲ್ಲಿ ಕೂತವರು ಓದಿ, ಒಪ್ಪಿದರೆ ಪುಟ ಪುಟಕ್ಕೂ ಮೊಹರು ಒತ್ತಿ ಕೊಡುವರು. ಒಪ್ಪದಿದ್ದರೆ ಅಷ್ಟೇ, ಬರೆದದ್ದು ಅವರ ಕಪಾಟಿಗೆ ಹೋಗುತ್ತಿತ್ತು, ಬರೆದವನು ಕೆಲವೊಮ್ಮೆ ಜೈಲಿಗೆ. ಎಪ್ಪತ್ತಮೂರನೇ ಇಸವಿಯಲ್ಲಿ, ನಮ್ಮ ಲೆಕ್ಕದ ಎಪ್ಪತ್ತಮೂರು, ಹೊರಗಿನವರ ಲೆಕ್ಕಕ್ಕಿಂತ ಏಳೆಂಟು ವರ್ಷ ಹಿಂದಿನದು, ಲೆಗೆಸ್ಸೆಯ ಪುಸ್ತಕ ಅಲ್ಲಿಗೆ ಹೋಯಿತು. ಒಂದು ಸಂಜೆ ಮನೆಗೆ ಬಂದು ಹೇಳಿದ: “ತಡೆದುಬಿಟ್ಟರು ಕಣೇ. ಮೆಕ್ಬಿಬ್ ಅನ್ನೋನು ತಡೆದ.”

ಅವತ್ತಿನಿಂದ ನನ್ನ ಗಂಡನಿಗೆ ಬೇರೆಯೇ ಮರ್ಯಾದೆ. ಅವನ ಗೆಳೆಯರಲ್ಲಿ ಇಬ್ಬರು ಜೈಲು ನೋಡಿ ಬಂದಿದ್ದರು, ಒಬ್ಬ ಬರಲೇ ಇಲ್ಲ. ಲೆಗೆಸ್ಸೆಯೂ ಅವರ ಸಾಲಿಗೆ ಸೇರಿದ. ಪುಸ್ತಕ ನೆನಪಿನಿಂದ ಮತ್ತೆ ಬರೆದುಕೊಂಡೆ ಅಂತ ಒಂದು ನೋಟುಪುಸ್ತಕ ಪೆಟ್ಟಿಗೆಯಲ್ಲಿಟ್ಟ. ಸೈನಿಕರು ಹೋದರು, ಆ ಕಚೇರಿಯೂ ಮುಚ್ಚಿತು. “ಈಗಲಾದರೂ ಅಚ್ಚು ಹಾಕಿಸು” ಅಂದರೆ “ಗಾಯ ಇನ್ನೂ ಹಸಿ ಇದೆ” ಅನ್ನುತ್ತಿದ್ದ. ನಾಲ್ಕು ವರ್ಷ ಹಾಗೇ ಅಂದು ಎದೆನೋವಲ್ಲಿ ಹೋಗಿಬಿಟ್ಟ. ಅವನು ಹೋದ ಮೂರು ತಿಂಗಳಿಗೆ ಆ ಮೆಕ್ಬಿಬ್ ನನ್ನ ಅಂಗಡಿಗೆ ಬಂದು ಕೂತ. ಕಂಡ ಕೂಡಲೇ ಗುರುತು ಹಿಡಿದೆ. ಲೆಗೆಸ್ಸೆ ಒಮ್ಮೆ ಬೀದಿಯಲ್ಲಿ ಬೆರಳು ಮಾಡಿ ತೋರಿಸಿದ್ದ. ಒಂದಲ್ಲ ಒಂದು ದಿನ ಇವನ ಬಾಯಿಂದಲೇ ‘ತಪ್ಪು ನನ್ನದು’ ಅನ್ನಿಸುತ್ತೇನೆ ಅಂತ ಅವತ್ತೇ ಹಟ ತೊಟ್ಟೆ.

ಹನ್ನೊಂದು ವರ್ಷ ಕಾದೆ. ನಮ್ಮ ಎರಡು ಸಾವಿರದ ವರ್ಷ ಹುಟ್ಟಲು ಇನ್ನು ಮೂರು ತಿಂಗಳಿದೆ ಅನ್ನುವಾಗ ಊರಿಗೆ ಊರೇ ಬಣ್ಣ ಹಚ್ಚುತ್ತಿತ್ತು. ನಾನು ಓಣಿಯ ಹೆಂಗಸರ ಚೀಟಿ ಎತ್ತಿ ಪುಸ್ತಕ ಅಚ್ಚು ಹಾಕಿಸಿದೆ. ನೋಟುಪುಸ್ತಕದ ಮೇಲೆ ಲೆಗೆಸ್ಸೆ ‘ಬೆಳಗಿನ ಮಂಜು’ ಅಂತ ಬರೆದಿದ್ದ. ಅದೇನು ಸಪ್ಪೆ ಹೆಸರು ಅಂತ ನಾನೇ ಬದಲಿಸಿದೆ: ‘ತಡೆದ ಮಾತು’. ಹಿಂಬದಿಯ ರಟ್ಟಿಗೆ ದಪ್ಪಕ್ಷರದಲ್ಲಿ ಹಾಕಿಸಿದೆ: ‘ಎಪ್ಪತ್ತಮೂರರಲ್ಲಿ ಸರ್ಕಾರ ತಡೆಹಿಡಿದ ಕವನಗಳು.’ ಅರವತ್ತನಾಲ್ಕು ಪುಟ. ಪಗುಮೆಗೆ ಹೇಳಿ ಮಾಡಿಸಿದ್ದು. ಆ ವರ್ಷ ಪಗುಮೆಗೆ ಆರು ದಿನ ಬೇರೆ.

ಮೇಜಿನ ಮೇಲೆ ಅವನೆದುರಿಗೆ ಪುಸ್ತಕ ಎಸೆದೆ. ಎರಡು ದಿನ ಓದಿದ. ಮೂರನೇ ದಿನ ಕರೆದು ಹೇಳಿದ:

“ಜೆಮಾನೆಶ್, ಆರನೇ ದಿನಕ್ಕೆ ಇದನ್ನ ಹಾಕ್ತೀನಿ. ಹಿಂದಿನ ರಟ್ಟು ಕಿತ್ತು ತಾ.”

“ಏನಂದ್ರಿ?”

“ಹೆಸರು ಹಳೇದೇ ಇರಲಿ. ಹಿಂದಿನ ರಟ್ಟು ಬೇಡ. ಪದ್ಯ ಎರಡು ಚೆನ್ನಾಗಿವೆ.”

“ಎರಡಾ? ಮೂವತ್ತೊಂಬತ್ತು ಪದ್ಯದಲ್ಲಿ ಎರಡಾ? ಅಷ್ಟು ಸಾಲದೂ ಅಂತ ರಟ್ಟು ಬೇರೆ ಕೀಳಬೇಕಾ? ಮಾಡಿದ ಪಾಪ ಹೊರಗೆ ಕಾಣಬಾರದು ಅಲ್ವಾ?”

“ನನ್ನ ಪಟ್ಟಿಯಲ್ಲಿ ಸುಳ್ಳು ಬರಲ್ಲ” ಅಂದ. ಅಷ್ಟೇ. ಕನ್ನಡಕ ಒರೆಸಿಕೊಂಡು ಬೇರೆ ಪುಸ್ತಕ ತೆಗೆದ.

ಅಯ್ಯೋ, ಆಗ ನನ್ನ ಬಾಯಿಂದ ಬಂದದ್ದನ್ನೆಲ್ಲ ಇಲ್ಲಿ ಹೇಳುವ ಹಾಗಿಲ್ಲ. ಅಂಗಡಿ ತುಂಬ ಜನ. ಗಂಟಲು ಹರಿಯುವ ಹಾಗೆ ಕೂಗಿದೆ. “ನನ್ನ ಗಂಡನ ಬಾಯಿ ಅವತ್ತು ಮುಚ್ಚಿಸಿದ್ರಿ, ಇವತ್ತು ನನ್ನದನ್ನೂ ಮುಚ್ಚಿಸ್ತೀರಾ? ನಾಚಿಕೆ ಆಗಲ್ವಾ ಈ ವಯಸ್ಸಲ್ಲಿ?” ಅವನು ಪುಸ್ತಕದಿಂದ ತಲೆ ಎತ್ತಲಿಲ್ಲ. ಪಕ್ಕದ ಮೇಜಿನವರೇ ಎದ್ದು ಹೋದರು.

ಮರುದಿನ ಬಾಗಿಲಿಗಿದ್ದ ಅವನ ಹಾಳೆ ಹರಿದು ಹಾಕಿದೆ. ಪುಸ್ತಕದವರನ್ನೆಲ್ಲ ಕೂರಿಸಿಕೊಂಡು, ಮೊದಲ ಸುತ್ತಿನ ಕಾಫಿ ಕೊಟ್ಟು, ಕಥೆಯೆಲ್ಲ ಹೇಳಿದೆ. ಅವರಿಗೆ ಅವನು ಹಳೇ ಕಚೇರಿಯವನು ಅನ್ನುವುದೇ ಗೊತ್ತಿರಲಿಲ್ಲ. ತೊಲೊಸಾನ ಕಣ್ಣು ಕೆಂಪಾಯಿತು.

“ಅಕ್ಕಾ, ನಮ್ಮ ಚಿಕ್ಕಪ್ಪನ ಹಾಡಿನ ಪುಸ್ತಕಾನೂ ಆ ಕಚೇರಿಯಲ್ಲೇ ಸತ್ತಿದ್ದು. ಇಂಥವನ ಮಾತು ಕೇಳ್ಕೊಂಡು ಇಷ್ಟು ವರ್ಷ ಹೊತ್ತು ತಿರುಗಿದ್ನಾ ನಾನು?”

“ಇನ್ನು ತಿರುಗಬೇಡ. ಪಗುಮೆ ಪಟ್ಟಿಯಲ್ಲಿ ಲೆಗೆಸ್ಸೆ ಹೆಸರಿರಬೇಕು. ಅದರ ಕೆಳಗೆ ‘ಇದನ್ನು ತಡೆದವನು ನಾನು, ತಪ್ಪು ನನ್ನದು’ ಅಂತ ಬರೆದು ಸಹಿ ಇರಬೇಕು. ಇಲ್ಲದಿದ್ದರೆ ಆ ಪಟ್ಟಿಯಿಂದ ಒಂದು ಪುಸ್ತಕಾನೂ ಯಾರೂ ಹೊರಬಾರದು.”

ಮೂವತ್ತು ಜನವೂ ಹೂಂ ಅಂದರು. ತೊಲೊಸಾನೇ ಹೋಗಿ ಅವನಿಗೆ ಹೇಳಿ ಬಂದ. ಏನಂದ ಅಂತ ಕೇಳಿದೆ. “ಅಕ್ಕಾ, ಕಾಫಿಗೆ ಯಾವಾಗ ಬರಲಿ ಅಂತ ಕೇಳಿದ. ಬರಬೇಡ ಅಂದೆ” ಅಂದ.

ಇಪ್ಪತ್ತು ದಿನ ಕಿಟಕಿ ಮೇಜು ಖಾಲಿ. ಪಗುಮೆಯ ಮೊದಲ ಬೆಳಿಗ್ಗೆ ಮಳೆ ಹುಯ್ಯುತ್ತಿತ್ತು. ಓಣಿಯ ಮಕ್ಕಳು, ಮುದುಕಿಯರು ಪುಣ್ಯ ಬರಲಿ ಅಂತ ಆ ಮಳೆಯಲ್ಲೇ ಮೀಯುತ್ತಿದ್ದರು. ಅವನು ಕೊಡೆ ಇಲ್ಲದೆ ಬಂದ. ಕೋಟಿನ ಒಳಗಿಂದ ಹಾಳೆ ತೆಗೆದ, ತಾನೇ ಗಾಜಿಗೆ ಅಂಟಿಸಿದ, ನನ್ನ ಮುಖ ನೋಡದೆ ಹೋದ. ನಾನು ಒದ್ದೆ ಕೈಯಲ್ಲೇ ಓಡಿ ಹೋಗಿ ಓದಿದೆ. ಐದು ಪುಸ್ತಕ ದಾಟಿದ ಮೇಲೆ ಆರನೆಯದು:

‘ಆರನೇ ದಿನ. ಕವನ. ತಡೆದ ಮಾತು, ಲೆಗೆಸ್ಸೆ. ಎಪ್ಪತ್ತಮೂರರಲ್ಲಿ ಈ ಪುಸ್ತಕಕ್ಕೆ ಮೊಹರು ಕೊಡದೆ ಕಪಾಟಿಗೆ ತಳ್ಳಿದವನು ನಾನು. ತಪ್ಪು ನನ್ನದು. ಮೆಕ್ಬಿಬ್.’

ಗಟ್ಟಿಯಾಗಿ ಓದಿದೆ. ಇನ್ನೊಮ್ಮೆ ಓದಿದೆ. ಹೆಂಗಸರೆಲ್ಲ ಕೇಕೆ ಹಾಕಿದರು. ಮೂವತ್ತು ಜನರಿಗೂ ಅವತ್ತು ಕಾಫಿ ಪುಕ್ಕಟೆ. ನನ್ನ ಜನ್ಮದಲ್ಲಿ ಅಷ್ಟು ಖುಷಿ ಇನ್ನೊಮ್ಮೆ ಪಟ್ಟದ್ದಿಲ್ಲ, ಮದುವೆ ದಿನವೂ ಇಲ್ಲ. ಗೆದ್ದೆ ಅಂದುಕೊಂಡೆ.

ಎರಡೇ ದಿನದಲ್ಲಿ ಪುಸ್ತಕ ಊರೆಲ್ಲ ಹಬ್ಬಿತು. ಕಾಲೇಜಿನ ಹುಡುಗಿಯರು ನನ್ನ ಅಂಗಡಿಯಲ್ಲಿ ಕೂತು ಅರ್ಥ ಬಿಡಿಸುತ್ತಿದ್ದರು: ಮಂಜು ಅಂದರೆ ಸರ್ಕಾರ, ಮಂಜಿನಲ್ಲಿ ದಾರಿ ತಪ್ಪಿದ ಹಸು ಅಂದರೆ ಜನ, ಹತ್ತಿ ನೂಲುವ ತಾಯಿ ಅಂದರೆ ದೇಶ. ನಾನು ತಲೆ ಆಡಿಸಿದ್ದೇ ಆಡಿಸಿದ್ದು. ಆ ಕಡೆ ಮೆಕ್ಬಿಬ್ ಬ್ರೆಡ್ಡಿಗೆ ಅಂತ ಹೊರಗೆ ಬಂದರೆ ಯಾರೋ ಅವನ ಕಾಲ ಬಳಿ ಉಗಿದರಂತೆ. ಪುಸ್ತಕದ ಅಂಗಡಿಯವನೊಬ್ಬ ಒಳಗೆ ಬಿಡಲಿಲ್ಲವಂತೆ. ಸುದ್ದಿ ತಂದ ತೊಲೊಸಾ ನಕ್ಕ. ನಾನೂ ನಕ್ಕೆ, ಸುಳ್ಳೇಕೆ ಹೇಳಲಿ.

ನಾಲ್ಕನೇ ದಿನ ಬಂದಳು ಶಿತಾಯೆ ಅನ್ನುವವಳೊಬ್ಬಳು. ಎಪ್ಪತ್ತರ ಮೇಲಿನ ಮುದುಕಿ, ಬಿಳಿ ಶಾಲು, ಕೈಯಲ್ಲಿ ಕೋಲು. ಮೊಮ್ಮಗಳಿಗೆ ಹೊಸ ವರ್ಷಕ್ಕೊಂದು ಪುಸ್ತಕ ಬೇಕಂತೆ. ಬಾಗಿಲಲ್ಲಿ ನಿಂತು ಹಾಳೆ ಓದಿದಳು. ಓದಿ ಗಹಗಹಿಸಿ ನಕ್ಕಳು.

“ಇದೇನಮ್ಮಾ, ಇಂಥ ಹಸೀ ಸುಳ್ಳು ಅಂಟಿಸಿಕೊಂಡಿದ್ದೀಯ?”

“ಸುಳ್ಳು ಅನ್ನೋಕೆ ನೀವ್ಯಾರು?”

“ಆ ಕಚೇರಿಯಲ್ಲಿ ಹದಿನಾರು ವರ್ಷ ಟೈಪು ಹೊಡೆದವಳು. ಮೆಕ್ಬಿಬ್ ಕೂರ್ತಿದ್ದದ್ದು ನನ್ನ ಎದುರು ಮೇಜಲ್ಲಿ. ಲೆಗೆಸ್ಸೆ ಮೇಷ್ಟ್ರ ಪುಸ್ತಕ ಪಾಸಾಗಿತ್ತು. ಪುಟ ಪುಟಕ್ಕೂ ಮೊಹರು ಒತ್ತಿದವಳು ನಾನೇ.”

ನಾನು ಕೈಯಲ್ಲಿದ್ದ ಬಟ್ಟಲು ಕೆಳಗಿಟ್ಟೆ. “ಲೆಗೆಸ್ಸೆ ನನ್ನ ಗಂಡ, ಬಾಯಿಗೆ ಬಂದ ಹಾಗೆ ಮಾತಾಡಿದ್ರೆ ಚೆನ್ನಾಗಿರಲ್ಲ ನೋಡಿ. ಮುದುಕಿ ಅಂತ ಸುಮ್ಮನಿದ್ದೀನಿ. ಕಾಸು ಕೊಟ್ಟು ಕಳಿಸಿದ್ದಾನಾ ಅವನು?”

“ತಡೆದ ಪುಸ್ತಕ ವಾಪಸ್ ಕೊಡ್ತಿರಲಿಲ್ಲ. ನಿನ್ನ ಹತ್ತಿರ ಮೇಷ್ಟ್ರ ಕೈಬರಹದ ನೋಟುಪುಸ್ತಕ ಇದೆಯಾ? ಇದ್ರೆ ತಾ.”

ತಂದೆ. ಮುಖಕ್ಕೆ ಹೊಡೆದ ಹಾಗೆ ತೋರಿಸಿ ಕಳಿಸೋಣ ಅಂತಲೇ ತಂದೆ. ಮುದುಕಿ ಪುಟ ತಿರುವಿದಳು. ಒಂದೊಂದು ಪುಟದ ಕೆಳಗಿನ ಬಲಮೂಲೆಯೂ ಇರಲಿಲ್ಲ. ಇಲಿ ಕಡಿದದ್ದು ಅಂತ ನಾನು ಅಂದುಕೊಂಡಿದ್ದೆ. ಎಲ್ಲ ಪುಟವೂ ಒಂದೇ ಅಳತೆಗೆ, ನೆಟ್ಟಗೆ, ಕತ್ತರಿಯಲ್ಲಿ ಕತ್ತರಿಸಿದ ಹಾಗಿತ್ತು. “ಮೊಹರು ಬೀಳೋದು ಇಲ್ಲೇ. ಕಚೇರಿಗೆ ಬಂದಿದ್ದ ಪುಸ್ತಕ ಇದೇ” ಅಂದಳು. ಕೊನೆಯ ಹಾಳೆ ರಟ್ಟಿಗೆ ಅಂಟಿಕೊಂಡಿತ್ತು. ಅವಳು ಬೆರಳು ಒದ್ದೆ ಮಾಡಿ ನಿಧಾನಕ್ಕೆ ಬಿಡಿಸಿದಳು. ಅದರ ಬೆನ್ನಿನಲ್ಲಿ ನೇರಳೆ ಬಣ್ಣದ ದುಂಡನೆಯ ಮೊಹರು. ಪಕ್ಕದಲ್ಲಿ, ಹನ್ನೊಂದು ವರ್ಷ ನನ್ನ ಬಾಗಿಲಲ್ಲಿ ನೋಡಿದ ಅದೇ ಅಕ್ಷರ: ‘ಓದಿದ್ದೇನೆ. ಅಡ್ಡಿಯಿಲ್ಲ. ಮೆಕ್ಬಿಬ್.’

ಶಿತಾಯೆಯೇ ನನ್ನನ್ನು ಕೂರಿಸಿದಳು.

“ಮೂರು ದಿನ ಬಿಟ್ಟು ನಿನ್ನ ಗಂಡ ಮತ್ತೆ ಬಂದ್ರು ಕಣಮ್ಮಾ. ‘ನನ್ನ ಗೆಳೆಯರದ್ದೆಲ್ಲ ತಡೆದಿದ್ದೀರಿ, ಜೈಲಿಗೆ ಹೋದರು. ನನ್ನದರಲ್ಲಿ ಒಂದು ಗೆರೆಯನ್ನೂ ಹೊಡೆದು ಹಾಕಿಲ್ಲ. ಇದನ್ನ ಅಚ್ಚು ಹಾಕಿಸಿದ್ರೆ ನಾನು ಅವರ ಮುಂದೆ ತಲೆ ಎತ್ತೋದು ಹೇಗೆ? ದಯವಿಟ್ಟು ನನ್ನದನ್ನೂ ತಡೆದೆವು ಅಂತ ಬರೆದುಕೊಡಿ’ ಅಂತ ಅಂಗಲಾಚಿದ್ರು. ಮೆಕ್ಬಿಬ್ ಏನಂದ ಗೊತ್ತಾ? ‘ಮೇಷ್ಟ್ರೇ, ತಡೆಯೋಕೆ ಏನಾದರೂ ಇರಬೇಕಲ್ಲ. ತಡೆಯೋವಂಥದ್ದು ಬರೆದು ತನ್ನಿ, ಖಂಡಿತ ತಡೀತೀನಿ.’ ಕೋಣೆಯಲ್ಲಿ ಏಳು ಜನ ಇದ್ವಿ. ಎಲ್ಲರೂ ನಕ್ಕರು. ನಾನೂ ನಕ್ಕೆ.”

ಆಮೇಲೆ ಅವಳು ಓಣಿಯ ಪುಸ್ತಕದವನೊಬ್ಬನ ಹತ್ತಿರ ಒಂದು ಮಕ್ಕಳ ಪುಸ್ತಕ ಕೊಂಡು ಹೊರಟಳು. ಮಂಜು ಅಂದರೆ ಏನಿರಬಹುದು ಅಂತ ಹೋಗುವಾಗ ಕೇಳಿದೆ. “ಮಂಜು ಅಂದ್ರೆ ಮಂಜು ಕಣಮ್ಮಾ, ಎಲ್ಲ ಬೆಳಿಗ್ಗೆ ಬೀಳುತ್ತಲ್ಲ, ಅದೇ” ಅಂದಳು.

ಶಾಲು ಹೊದ್ದು ನೇರ ಮೆಕ್ಬಿಬ್ ಮನೆಗೆ ಹೋದೆ. ಎರಡು ಓಣಿ ಆಚೆ, ಮಹಡಿ ಮೇಲೆ ಒಂದೇ ಕೋಣೆ. ಗೋಡೆ ಕಾಣದ ಹಾಗೆ ಪುಸ್ತಕ. ಒಲೆ ಮೇಲೆ ಒಂದು ಪಾತ್ರೆ ಕಡಲೆಹಿಟ್ಟಿನ ಸಾರು. ಬಾಗಿಲು ತೆರೆದವನು “ಬಾ” ಅಂದ. ನಾನು ಹೊಸ್ತಿಲಲ್ಲೇ ನಿಂತೆ.

“ಯಾಕೆ ಸುಳ್ಳು ಬರೆದ್ರಿ?”

“ಶಿತಾಯೆ ಬಂದಿದ್ಲಾ?” ಅಂದ. ಆಮೇಲೆ, “ನೀನು ಕೇಳಿದ ಸಾಲು ಕೊಟ್ಟೆ.”

“ನಾನು ಕೇಳಿದ್ದು ನಿಜಾನ!”

“ನಿಜ ಕೊಡೋಕೆ ಬಂದೆ. ಹಿಂದಿನ ರಟ್ಟು ಕಿತ್ತು ತಾ ಅಂದೆ.”

“ಹಾಗಂದ್ರೆ ಯಾವಳಿಗೆ ಅರ್ಥ ಆಗುತ್ತೆ? ಬಾಯಿ ಇರಲಿಲ್ವಾ ನಿಮಗೆ? ಊರವರ ಪುಸ್ತಕಕ್ಕೆಲ್ಲ ಸಾಲು ಸಾಲು ಬರೀತೀರಿ, ನನ್ನ ಹತ್ತಿರ ಒಂದು ಮಾತು ಆಡೋಕೆ ಆಗಲಿಲ್ವಾ? ಹನ್ನೊಂದು ವರ್ಷ ನನ್ನ ಕೈಯಲ್ಲಿ ಬೈಸಿಕೊಂಡು ಅಲ್ಲಿ ಕೂತು ಏನು ಮಾಡ್ತಿದ್ರಿ?”

ಅವನು ಕುರ್ಚಿಯ ಮೇಲಿದ್ದ ಪುಸ್ತಕ ತೆಗೆದು ಅಲ್ಲಿ ಕೂತ. “ಆ ದಿನ ಏಳು ಜನರ ಮುಂದೆ ಒಂದು ಮಾತು ಅಂದೆ. ಜಾಣತನದ ಮಾತು. ಏಳು ಜನವೂ ನಕ್ಕರು. ಆಮೇಲೆ ನಿನ್ನ ಗಂಡ ಒಂದು ಪದ್ಯವಾದರೂ ಬರೆದರಾ?”

ನಾನು ಯೋಚಿಸಿದೆ. ಹದಿನೈದು ವರ್ಷ. ಶಾಲೆಯ ವಾರ್ಷಿಕೋತ್ಸವಕ್ಕೂ ನಾಲ್ಕು ಸಾಲು ಬರೆದಿರಲಿಲ್ಲ. ತಡೆದ ಕವಿ ಅನ್ನಿಸಿಕೊಂಡ ಮೇಲೆ ಬರೆಯುವ ಅಗತ್ಯ ಏನು ಅಂತ ನಾನೇ ಅನ್ನುತ್ತಿದ್ದೆ.

“ಇಲ್ಲ” ಅಂದೆ.

“ಮೊಹರಿನ ವಿಷಯ ಸುಳ್ಳು. ತಪ್ಪು ನನ್ನದು ಅಂತ ಬರೆದದ್ದು ಸುಳ್ಳಲ್ಲ” ಅಂದ.

ನನಗೆ ಅಳು ಬರಬೇಕಿತ್ತು. ಬಂದದ್ದು ಸಿಟ್ಟು. ಯಾರ ಮೇಲೆ ಅಂತ ಕೇಳಿದರೆ ಎಲ್ಲರ ಮೇಲೆ. ಯಾವನೋ ಒಬ್ಬ ಕುಹಕ ಆಡಿದ ಅಂತ ಲೇಖನಿ ಕೆಳಗಿಟ್ಟು, ಕತ್ತರಿ ಹಿಡಿದು ಕೂತು ಒಂದೊಂದೇ ಮೊಹರು ಕತ್ತರಿಸಿ, ಕಟ್ಟಿಕೊಂಡ ಹೆಂಡತಿಗೇ ಸುಳ್ಳು ಹೇಳಿದ ಗಂಡನ ಮೇಲೆ. ತನ್ನ ಪಾಪ ತೊಳೆದುಕೊಳ್ಳಲು ನನ್ನ ಅಂಗಡಿಯ ತಂಗಳು ಕಾಫಿ ಕುಡಿದ ಇವನ ಮೇಲೆ. ಮೂವತ್ತು ಜನರನ್ನು ಎತ್ತಿಕಟ್ಟಿದ ನನ್ನ ಮೇಲೆ.

“ನಿಮ್ಮ ಪಾಪಕ್ಕೆ ನನ್ನ ಬಾಗಿಲೇ ಬೇಕಿತ್ತಾ?” ಅಂದೆ. “ಹೊಸ ವರ್ಷಕ್ಕೆ ನಾನು ಸುಳ್ಳು ಅಂಟಿಸಿಕೊಂಡು ಕಾಲಿಡಲ್ಲ. ನಾಳೆನೇ ಕಿತ್ತು ಹಾಕ್ತೀನಿ.”

“ಕೀಳಬೇಡ.”

“ಅದನ್ನ ಹೇಳೋಕೆ ನೀವ್ಯಾರು?”

“ಜೆಮಾನೆಶ್, ನನಗೆ ಎಪ್ಪತ್ತಾಯ್ತು. ನನಗೆ ಉಗಿದು ಮುಗಿಸ್ತಾರೆ. ಮೇಷ್ಟ್ರನ್ನ ನೋಡಿ ನಕ್ಕರೆ ಅದು ಮುಗಿಯಲ್ಲ. ನಾನು ಕೇಳಿದ್ದೀನಿ ಆ ನಗು.”

ಅವನ ಮುಖದ ಮೇಲೆ ಬಾಗಿಲು ಎಳೆದುಕೊಂಡು ಬಂದೆ. ಮರುದಿನ ಕೀಳಲು ಮನಸ್ಸು ಬರಲಿಲ್ಲ. ಲೆಗೆಸ್ಸೆಯ ಫೋಟೋದ ಮುಂದೆ ನಿಂತು ಬಾಯಿಗೆ ಬಂದ ಹಾಗೆ ಬೈದೆ. ನಗುವವರು ನಗಲಿ, ಇನ್ನೊಬ್ಬನ ಮುಖಕ್ಕೆ ಉಗಿಸಿ ನನ್ನ ಗಂಡನಿಗೆ ಹೂವು ಹಾಕಿಸಿಕೊಳ್ಳುವುದು ಬೇಡ ಅಂತ ಕೊನೆಗೆ ಗಟ್ಟಿ ಮಾಡಿಕೊಂಡೆ. ಆರನೇ ದಿನ ಬೆಳಿಗ್ಗೆ ಅವನ ಹಾಳೆ ಕಿತ್ತು, ನನ್ನ ಸಣ್ಣ ಅಕ್ಷರದಲ್ಲೇ ಬರೆದು ಅಂಟಿಸಿದೆ:

‘ಕವನ. ಬೆಳಗಿನ ಮಂಜು, ಲೆಗೆಸ್ಸೆ. ಎಪ್ಪತ್ತಮೂರರಲ್ಲಿ ಪಾಸಾದ ಪುಸ್ತಕ. ಯಾರೂ ತಡೆಯಲಿಲ್ಲ. ನನ್ನ ಗಂಡ ನನಗೆ ಸುಳ್ಳು ಹೇಳಿದ, ನಾನು ನಿಮಗೆ ಹೇಳಿದೆ. ಎರಡು ಪದ್ಯ ಚೆನ್ನಾಗಿವೆ. ಜೆಮಾನೆಶ್.’

ಪಕ್ಕದಲ್ಲಿ ಮೊಹರಿದ್ದ ಹಾಳೆಯನ್ನೂ ಅಂಟಿಸಿದೆ. ಬೈಯಲಿ, ಕಲ್ಲು ಹೊಡೆಯಲಿ, ಏನಾದರೂ ಮಾಡಲಿ ಅಂತ ಕಾದು ಕೂತೆ.

ತೊಲೊಸಾ ಬಂದ. ಓದಿದ. ಗಲ್ಲದವರೆಗಿದ್ದ ಪುಸ್ತಕವನ್ನೆಲ್ಲ ನೆಲಕ್ಕಿಟ್ಟು ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ: “ಅಕ್ಕಾ, ಹೆದರಿಸಿದ್ನಾ ಅವನು?”

“ಯಾರೂ ಹೆದರಿಸಿಲ್ಲ ಕಣೋ. ಇದು ನಿಜ. ಮೊಹರು ನೋಡು.”

“ಮೊಹರು ಒತ್ತೋದು ಅವರಿಗೇನು ಕಷ್ಟ ಅಕ್ಕಾ? ಜನ್ಮವೆಲ್ಲ ಅದೇ ಕೆಲಸ ಮಾಡಿದವರು.” ನಾನು ತಡೆಯುವಷ್ಟರಲ್ಲಿ ಎರಡೂ ಹಾಳೆ ಕಿತ್ತು ಚೂರು ಚೂರು ಮಾಡಿದ. “ನೀವು ಒಬ್ಬರೇ ಹೆಂಗಸು ಅಂತ ಆಡಿಸ್ತಿದ್ದಾನೆ. ನಾವಿದ್ದೀವಿ, ಬಿಡಿ.” ಮೊಹರಿದ್ದ ಹಾಳೆ ಕಾಲಡಿಯ ಕೆಸರಿಗೆ ಬಿತ್ತು. ನಾನು ಅವನ ಕೆನ್ನೆಗೆ ಬಾರಿಸಿದೆ. ಪಾಪ, ದುಃಖದಲ್ಲಿ ತಲೆ ಕೆಟ್ಟಿದೆ ಅಂತ ಅವನು ನನ್ನ ಕೈ ಹಿಡಿದು ಮುತ್ತಿಟ್ಟ. ಸಂಜೆ ಮೂವತ್ತೂ ಜನ ಹೋಗಿ ಮೆಕ್ಬಿಬ್ ಬಾಗಿಲು ಬಡಿದು, ಆ ವಿಧವೆಯ ತಂಟೆಗೆ ಹೋದರೆ ನೋಡು ಅಂತ ಎಚ್ಚರಿಕೆ ಕೊಟ್ಟು ಬಂದರಂತೆ.

ಎರಡು ಸಾವಿರದ ವರ್ಷ ಬಂತು. ಊರು ಹಳದಿ ಹೂವು ಮುಡಿಯಿತು. ಮೆಕ್ಬಿಬ್ ಮತ್ತೆ ಪಟ್ಟಿ ಬರೆಯಲಿಲ್ಲ. ಬರೆದಿದ್ದರೂ ಹೊರುವವರಿರಲಿಲ್ಲ. ಎರಡು ಸಲ ಅವನ ಮನೆಗೆ ಕಾಫಿ ಒಯ್ದೆ, ಮೊದಲ ಸುತ್ತಿನದು. ಬಾಗಿಲು ತೆರೆಯಲಿಲ್ಲ. ಒಳಗೆ ಪುಟ ತಿರುವುವ ಸದ್ದು ಕೇಳುತ್ತಿತ್ತು. ಹೊರಗೆ ನಿಂತು ಅವನಿಗೂ ಚೆನ್ನಾಗಿ ಬೈದು ಬಂದೆ. ಈಗ ಪುಸ್ತಕದವರು ಏನು ಹೊರಬೇಕೋ ತಿಳಿಯದೆ ಕರ್ನಲ್ಲರ ಆತ್ಮಕಥೆಯನ್ನೇ ಹೊರುತ್ತಿದ್ದಾರೆ.

ಸುಳ್ಳಿನ ಬಾಯಿ ಮುಚ್ಚಿಸುವುದು ಅಷ್ಟು ಸುಲಭವಲ್ಲ ಅಂತ ನನಗೆ ಹೇಳಿಕೊಟ್ಟದ್ದು ಒಬ್ಬ ಮೇಷ್ಟ್ರು. ಮೊನ್ನೆ ಬಂದಿದ್ದರು. ತಮ್ಮ ಶಾಲೆಯ ಗ್ರಂಥಾಲಯಕ್ಕೆ ಅಂತ ಪುಸ್ತಕದ ಒಂದು ಪ್ರತಿ ತಂದು, ಹಿಂಬದಿಯ ರಟ್ಟು ಮೇಲೆ ಮಾಡಿ ನನ್ನ ಮುಂದಿಟ್ಟರು. “ಸರ್ಕಾರ ತಡೆದ ಕವಿಯ ಹೆಂಡತಿ ನೀವು. ಒಂದು ಸಹಿ ಬೇಕು” ಅಂದರು.

“ಯಾರೂ ತಡೆದಿರಲಿಲ್ಲ ಮೇಷ್ಟ್ರೇ” ಅಂದೆ. ಎಲ್ಲ ಹೇಳಿದೆ. ಕತ್ತರಿ, ಮೊಹರು, ಆ ನಗು, ಒಂದನ್ನೂ ಬಿಡಲಿಲ್ಲ. ಅವರು ಕೈಕಟ್ಟಿಕೊಂಡು ಪೂರ್ತಿ ಕೇಳಿದರು. ಕೇಳುತ್ತಾ ಕೇಳುತ್ತಾ ಅವರ ಕಣ್ಣಲ್ಲಿ ನೀರು ತುಂಬಿತು.

“ತಡೆದವನನ್ನೇ ಕ್ಷಮಿಸಿಬಿಟ್ಟಿದ್ದೀರಲ್ಲಮ್ಮಾ” ಅಂದರು. “ಎಷ್ಟು ದೊಡ್ಡ ಮನಸ್ಸು ನಿಮ್ಮದು. ಇದನ್ನೂ ಮಕ್ಕಳಿಗೆ ಹೇಳ್ತೀನಿ.”

ಲೇಖನಿ ನನ್ನ ಕೈಗೆ ಕೊಟ್ಟರು. ನಾನು ಸಹಿ ಹಾಕಿದೆ.